ತ್ಸಾಲುಂಗಿನ ಹಸಿರು ಗೆರೆ

ಬೂಟಿಗೆ ಕಿವಿ ಬಂದರೆ ಏನಾದೀತು? ಈ ಪ್ರಶ್ನೆಯನ್ನು ಮೊದಲು ಕೇಳಿದವಳು ಯಮುನಾ ಆಗೇರ. ಕೇಳಿದ್ದು ತಮಾಷೆಗೆ, ಪ್ರಯೋಗಾಲಯದ ಕ್ಯಾಂಟೀನಿನಲ್ಲಿ, ಬಾಯಲ್ಲಿ ಅರ್ಧ ಸಮೋಸ ಇಟ್ಟುಕೊಂಡು. ಎದುರಿಗೆ ಕೂತವರೆಲ್ಲ ನಕ್ಕರು. ಮೂರು ವರ್ಷ ಕಳೆಯುವುದರೊಳಗೆ ಅಂಥದೇ ಬೂಟು ಹಾಕಿಕೊಂಡು ಸಾವಿರದ ನೂರು ಜನ ತ್ಸಾಲುಂಗ್ ಉಪ್ಪುಬಯಲನ್ನು ದಾಟಿದ್ದರು. ಅಂದು ನಕ್ಕವರಲ್ಲಿ ಇಬ್ಬರು ಈಗ ಅವಳ ಕೈಕೆಳಗೆ ಕೆಲಸ ಮಾಡುತ್ತಿದ್ದರು.

ತ್ಸಾಲುಂಗ್ ಇರುವುದು ಲಡಾಖಿನ ಪೂರ್ವದ ತುದಿಯಲ್ಲಿ, ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ. ಗಿಡವಿಲ್ಲ, ಮರವಿಲ್ಲ, ಉಸಿರಾಡಲು ಗಾಳಿಯೂ ಅರೆಹೊಟ್ಟೆ. ಒಂದು ಕಾಲಕ್ಕೆ ಸರೋವರವಾಗಿದ್ದದ್ದು ಬತ್ತಿ, ಮೇಲೆ ಉಪ್ಪು ಕಟ್ಟಿ, ಕಾದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ನಿಂತಿದೆ. ಕೆನೆಯ ಕೆಳಗೆ ಈಗಲೂ ನೀರಿದೆ. ಉಪ್ಪು ಕರಗಿ ಕರಗಿ ಎಣ್ಣೆಯಂತೆ ಭಾರವಾದ, ಸೊನ್ನೆಗಿಂತ ಕೆಳಗಿಳಿದರೂ ಹೆಪ್ಪುಗಟ್ಟದ ನೀರು. ಕೆನೆ ಒಂದು ಕಡೆ ಲಾರಿ ತಡೆಯುತ್ತದೆ, ಹತ್ತು ಮಾರು ಆಚೆ ಒಂದು ಆಡನ್ನೂ ತಡೆಯುವುದಿಲ್ಲ. ತಳದಲ್ಲಿ ಬಿಸಿನೀರಿನ ಬುಗ್ಗೆಗಳಿರುವುದರಿಂದ ನಿನ್ನೆ ಗಟ್ಟಿಯಿದ್ದದ್ದು ಇಂದು ಗಟ್ಟಿಯಿರುತ್ತದೆ ಎಂಬ ಖಾತ್ರಿಯೂ ಇಲ್ಲ. ಅಲ್ಲಿ ಕುರಿ ಮೇಯಿಸುವ ಚಾಂಗ್ಪಾ ಜನ ಹಿಂದೆಲ್ಲ ಚಳಿಗಾಲದಲ್ಲಿ ಮಾತ್ರ, ಕೋಲಿನಿಂದ ಕುಟ್ಟಿಕುಟ್ಟಿ ನೋಡಿ ದಾಟುತ್ತಿದ್ದರಂತೆ. ಆದರೆ ಮನುಷ್ಯನಿಗೆ ಹೋಗಬೇಡ ಅಂದ ಜಾಗಕ್ಕೇ ಹೋಗುವ ಚಪಲ. ಊರಿಗೊಂದು ಬೆಟ್ಟ ಹತ್ತಿ ಮುಗಿಸಿದ ಬೆನ್ನುಚೀಲದವರು ಉಪ್ಪುಬಯಲಿನ ಅಂಚಿಗೆ ಬಂದು ಆಸೆಗಣ್ಣಿನಿಂದ ನೋಡತೊಡಗಿದರು. ಅವರ ಹಿಂದೆಯೇ 'ಶ್ವೇತಪಥ' ಎಂಬ ಚಾರಣದ ಕಂಪನಿ ಬಂತು, ಕಂಪನಿಯ ಹಿಂದೆ ಯಮುನಾಳ ಬೂಟು ಬಂತು.

ಬೂಟಿನ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಒಂದು ಉಕ್ಕಿನ ಬಿಲ್ಲೆ. ಹೆಜ್ಜೆ ಊರಿದಾಗ ಬಿಲ್ಲೆ ಉಪ್ಪನ್ನು ಕುಟ್ಟುತ್ತದೆ. ಮರಳಿ ಬರುವ ಸದ್ದನ್ನು ಅದರೊಳಗಿನ ಕಿವಿ ಕೇಳಿಸಿಕೊಳ್ಳುತ್ತದೆ. ಮಾಗಿದ ಹಲಸಿನಹಣ್ಣನ್ನು ಬೆರಳಿನಿಂದ ತಟ್ಟಿ ನೋಡುವ ಉಪಾಯವೇ ಇದು. ಸದ್ದು ಬಯಲಿನ ಪಕ್ಕದಲ್ಲಿರುವ ಕಂಪನಿಯ ನಿಲ್ದಾಣದ ಗಣಕಕ್ಕೆ ಹೋಗಿ, ಕೆನೆ ದಪ್ಪಗಿದ್ದರೆ ನಕ್ಷೆಯಲ್ಲಿ ಹಸಿರು ಚುಕ್ಕಿ, ತೆಳ್ಳಗಿದ್ದರೆ ಕಪ್ಪು. ನಡೆಯುವವರ ಎಡಗಾಲಿಗೋ ಬಲಗಾಲಿಗೋ ಸಣ್ಣ ನಡುಕ ಕೊಟ್ಟು ಬೂಟೇ ಅವರನ್ನು ಹಸಿರಿನ ಮೇಲೆ ಸಾಗಿಸುತ್ತದೆ. ಒಂದೇ ತೊಡಕೆಂದರೆ, ಅಲ್ಲಿಯ ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಅದಕ್ಕೆ ಯಮುನಾ ಒಂದು ಜಾಣತನ ಮಾಡಿದ್ದಳು. ಸಾಲಿನಲ್ಲಿ ಎಲ್ಲರಿಗಿಂತ ಹಗುರವಾದವರು ಮುಂದೆ. ಅವರೊಬ್ಬರ ಬೂಟಿನ ಕಿವಿ ಮಾತ್ರ ಎಚ್ಚರ. ಹಿಂದೆ ಬರುವವರ ಬೂಟುಗಳ ಕಿವಿ ನಿದ್ದೆಯಲ್ಲಿ, ಅವು ಮುಂದಿನವರ ಹಸಿರು ಗೆರೆಯನ್ನು ಸುಮ್ಮನೆ ಹಿಂಬಾಲಿಸಿದರಾಯಿತು. ಈ ಉಪಾಯಕ್ಕೆ ಅವಳಿಗೊಂದು ಪ್ರಶಸ್ತಿಯೂ ಬಂದಿತ್ತು.

ಸೆಪ್ಟೆಂಬರಿನಲ್ಲಿ ಅವಳ ತಾಯಿ ಮಾಸ್ತಮ್ಮ ಬಂದಳು. ಗೋಕರ್ಣದ ಆಚೆಯ ಉಪ್ಪಿನ ಆಗರದಲ್ಲಿ ನಲವತ್ತು ವರ್ಷ ದುಡಿದ ಹೆಂಗಸು. ವಯಸ್ಸು ಐವತ್ತೇಳು, ತೂಕ ನಲವತ್ಮೂರು ಕಿಲೋ. ಸಮುದ್ರದ ನೀರನ್ನು ಪಾತಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು, ಉಪ್ಪು ಎಳೆದು, ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಗಟ್ಟಿಯಾದ ಜೀವ. ನೌಕರರ ಮನೆಯವರಿಗೆ ವರ್ಷಕ್ಕೊಂದು ಚಾರಣ ಪುಕ್ಕಟೆ ಎಂದು ಯಮುನಾ ಫೋನಿನಲ್ಲಿ ಮಾತಿಗೆ ಹೇಳಿದ್ದೇ ತಪ್ಪಾಯಿತು. ಸಮುದ್ರವೇ ಇಲ್ಲದ ಕಡೆ ಉಪ್ಪು ಎಲ್ಲಿಂದ ಬಂತು, ಯಾರೂ ಎಳೆಯದ ಉಪ್ಪು ಹೇಗಿರುತ್ತದೆ, ತಾನು ನೋಡಲೇಬೇಕು ಎಂದು ಅವಳು ಪಟ್ಟು ಹಿಡಿದಳು. ಮಗಳು ಚಳಿ, ಉಸಿರು, ಎತ್ತರ ಎಂದು ಹೆದರಿಸಿ ನೋಡಿದಳು. ತಾಯಿ ಜಗ್ಗಲಿಲ್ಲ.

ಎತ್ತರಕ್ಕೆ ಒಗ್ಗಿಕೊಳ್ಳಲು ಹನ್ನೆರಡು ದಿನ ಅವಳು ಮಗಳ ಕ್ವಾರ್ಟರ್ಸಿನಲ್ಲಿದ್ದಳು. ಕುಚ್ಚಲಕ್ಕಿ ಎಷ್ಟು ಕುದಿಸಿದರೂ ಬೇಯದ್ದನ್ನು ಕಂಡು, ಇದೆಂಥ ದೇಶ, ಬೆಂಕಿಗೂ ಇಲ್ಲಿ ಬಲವಿಲ್ಲವೇ ಎಂದು ಬೆರಗಾದಳು. ತಂದಿದ್ದ ಒಣಮೀನನ್ನು ಮಗಳು ಅಕ್ಕಪಕ್ಕದವರ ಮುಲಾಜಿಗೆ ಬಾಲ್ಕನಿಯಲ್ಲಿ ಹುರಿಯಲು ಹೇಳಿದ್ದಕ್ಕೆ ಅರ್ಧ ದಿನ ಮುನಿಸಿಕೊಂಡಳು. ಬಯಲಿನ ಅಂಚಿನ ಉಪ್ಪನ್ನು ನಾಲಗೆಗಿಟ್ಟು ನೋಡಿ, ಉಪ್ಪು ಕಟ್ಟಿದ ಮೇಲೆ ಉಳಿಯುವ ಕಹಿನೀರನ್ನು ಇದರಿಂದ ಯಾರೂ ಬಸಿದಿಲ್ಲ, ಮಾರಿದರೆ ಬೈಸಿಕೊಳ್ಳಬೇಕು ಎಂದು ತೀರ್ಪು ಕೊಟ್ಟಳು. ಬೂಟು ಮಾತ್ರ ಅವಳಿಗೆ ಆಗಿಬರಲಿಲ್ಲ.

“ಕಾಲಿಗೆ ಕಣ್ಣು ಕಟ್ಟಿದಂಗೆ ಆಗ್ತದಲ್ಲೇ ಇದು,” ಎಂದಳು, ಬಾಲ್ಕನಿಯುದ್ದಕ್ಕೂ ಕೊಕ್ಕರೆಯಂತೆ ನಡೆದು ತೋರಿಸುತ್ತ.

ಕಣ್ಣು ಕಟ್ಟಿದರೂ ಕಿವಿ ತೆರೆದಿರುತ್ತದೆ, ಅದೇ ದಾರಿ ತೋರಿಸುತ್ತದೆ, ನೀನು ಸುಮ್ಮನೆ ನಡೆದರೆ ಸಾಕು ಎಂದು ಯಮುನಾ ಹೇಳಿದಳು. ತಾಯಿಗೆ ಬೂಟಿನ ಬಗ್ಗೆ ಅವಳು ಹೇಳಿದ್ದು ಅಷ್ಟೇ. ನಡೆಯುವ ನಿಯಮಗಳನ್ನು ಕಂಪನಿಯವರು ಹೊರಡುವ ಮೊದಲು ಹಿಂದಿ ಇಂಗ್ಲಿಷಿನಲ್ಲಿ ಒಂದು ತಾಸು ಹೇಳುತ್ತಾರೆ. ಮಾಸ್ತಮ್ಮ ಆ ಒಂದು ತಾಸು ಚಹಾ ಕುಡಿಯುತ್ತ ಕೂತಿದ್ದಳು.

ತಂಡದಲ್ಲಿ ಎಂಟು ಜನ. ಎಲ್ಲರಿಗಿಂತ ಹಗುರ ಮಾಸ್ತಮ್ಮನೇ ಆದ್ದರಿಂದ ಅವಳೇ ಮುಂದೆ. ಎರಡನೆಯವಳು ಪುಣೆಯ ಒಬ್ಬ ಹುಡುಗಿ. ಐದನೆಯವರು ಅಥಣಿ ಕಡೆಯ ಪಾಟೀಲ ಮಾಸ್ತರರು, ನಿವೃತ್ತ ಡ್ರಿಲ್ ಮೇಷ್ಟ್ರು, ತೊಂಬತ್ತೆರಡು ಕಿಲೋ. ತಂಡದಲ್ಲಿ ಕನ್ನಡ ಬರುವವರು ಇವರಿಬ್ಬರೇ ಆದ್ದರಿಂದ ಮಾಸ್ತರರು ಮೊದಲ ದಿನದಿಂದಲೇ ಅವಳನ್ನು ಅಕ್ಕಾರ ಅಕ್ಕಾರ ಎಂದು ಹಚ್ಚಿಕೊಂಡಿದ್ದರು. ಸಾಲಿನ ಕೊನೆಗೆ ಫುಂತ್ಸೋಗ್, ಚಾಂಗ್ಪಾ ದಾರಿಗಾರ. ಹಿಂದೆ ಕೋಲು ಹಿಡಿದು ಎಲ್ಲರ ಮುಂದೆ ನಡೆಯುತ್ತಿದ್ದವನು, ಬೂಟು ಬಂದ ಮೇಲೆ ರೇಡಿಯೋ ಮತ್ತು ಹಗ್ಗ ಹೊತ್ತು ಎಲ್ಲರ ಹಿಂದೆ ನಡೆಯುತ್ತಿದ್ದ.

ಮೊದಲ ಮೂರು ದಿನ ಕಲ್ಲು, ಮರಳು, ಗಾಳಿ. ನಾಲ್ಕನೆಯ ದಿನ ಬೆಳಿಗ್ಗೆ ಅವರು ಉಪ್ಪಿನ ಮೇಲೆ ಕಾಲಿಟ್ಟರು.

ನಿಲ್ದಾಣದ ನಿಯಂತ್ರಣ ಕೋಣೆ ಎಂದರೆ ಒಂದು ಕಬ್ಬಿಣದ ಕಂಟೇನರು, ಒಳಗೊಂದು ಹೀಟರು, ಮೂರು ಪರದೆ. ಯಮುನಾ ಏಳಕ್ಕೇ ಬಂದು ಕೂತಿದ್ದಳು. ಅಂದು ಅವಳ ಪಾಳಿ ಅಲ್ಲ. ತಾಯಿ ನಡೆಯುವುದನ್ನು ನೋಡುವ ಆಸೆ. ಒಂಬತ್ತರ ಹೊತ್ತಿಗೆ ಪರದೆಯ ಮೇಲೆ ಹಸಿರು ಗೆರೆ ಬಯಲಿನ ಹೊಟ್ಟೆಗೆ ನುಗ್ಗಿತ್ತು. ಅಂಥ ಹಸಿರನ್ನು ಅವಳು ಆವರೆಗೆ ಕಂಡಿರಲಿಲ್ಲ. ಸಾಮಾನ್ಯವಾಗಿ ನೂರು ಹೆಜ್ಜೆಗೆ ಎಂಟು ಹತ್ತು ಕಪ್ಪು ಚುಕ್ಕಿ ಬೀಳುತ್ತವೆ, ನಡೆಯುವವರು ಹಿಂದೆ ಸರಿದು ಬಳಸಿ ಹೋಗುತ್ತಾರೆ. ಇಲ್ಲಿ ಎರಡು ತಾಸಿನಲ್ಲಿ ಒಂದೇ ಒಂದು ಕಪ್ಪಿಲ್ಲ. ಕೆನೆಯ ದಪ್ಪ ಎಲ್ಲ ಕಡೆ ಎರಡು ಮೀಟರಿಗಿಂತ ಹೆಚ್ಚು.

ನಿಲ್ದಾಣದ ಮುಖ್ಯಸ್ಥ ಮೆಹ್ರಾ ಚಹಾದ ಲೋಟ ಹಿಡಿದು ಬಂದು ಹಿಂದೆ ನಿಂತ. ಇಂಥ ದಾರಿ ಸಿಕ್ಕರೆ ಬರುವ ವರ್ಷ ದಿನಕ್ಕೆ ನಾಲ್ಕು ತಂಡ ಬಿಡಬಹುದು ಎಂದ. ಉಪ್ಪಿನ ಮನೆತನದ ಹೆಂಗಸು, ರಕ್ತದಲ್ಲೇ ಇದೆ ನೋಡು ಎಂದು ಹೊಗಳಿದ. ಯಮುನಾಳಿಗೆ ಹೆಮ್ಮೆಯಿಂದ ಮುಖ ಬಿಸಿಯಾಯಿತು. ಸುಳ್ಳೇಕೆ, ಆ ಹೊತ್ತಿಗೆ ಅವಳಿಗೆ ಅಮ್ಮನ ಮೇಲಿನದಕ್ಕಿಂತ ಬೂಟಿನ ಮೇಲಿನ ಹೆಮ್ಮೆಯೇ ಒಂದು ಗುಲಗಂಜಿ ಹೆಚ್ಚಿತ್ತು.

ಆಗ ಅವಳಿಗೆ ಒಂದು ಹುಚ್ಚು ಆಸೆ ಹುಟ್ಟಿತು: ತಾಯಿಯ ಹೆಜ್ಜೆಸದ್ದು ಕೇಳಬೇಕು. ಬೂಟಿನ ಕಿವಿಗೆ ಬೀಳುವ ಸದ್ದನ್ನು ಗಣಕ ಅಂಕಿಯಾಗಿಸುತ್ತದೆ, ಯಾರೂ ಕೇಳುವ ಗೋಜಿಗೆ ಹೋಗುವುದಿಲ್ಲ. ಅವಳು ಹೆಡ್‌ಫೋನು ಸಿಕ್ಕಿಸಿಕೊಂಡು ಸದ್ದನ್ನು ನೇರವಾಗಿ ಹಾಕಿದಳು. ಚಿಕ್ಕಂದಿನಲ್ಲಿ ಹಾಸಿಗೆಯಲ್ಲಿ ಮಲಗಿದ್ದಾಗಲೇ ಬಾಗಿಲಲ್ಲಿ ಬಂದದ್ದು ಅವ್ವೆಯೋ ಬೇರೆಯವರೋ ಎಂದು ಅವಳು ಹೇಳುತ್ತಿದ್ದಳು. ಮಾಸ್ತಮ್ಮನ ಬಲಗಾಲು ಊರುವುದು ಎಡಗಾಲಿಗಿಂತ ಒಂಚೂರು ಜೋರು.

ಖಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಖಣ್.

ಎಡವಿಲ್ಲ, ಬಲವಿಲ್ಲ. ಎರಡೂ ಬೂಟು ಒಂದೇ ಗಳಿಗೆಗೆ ಒಂದೇ ಸದ್ದು. ಉಪ್ಪಿನ ಮೇಲೆ ಬಿದ್ದ ಹೆಜ್ಜೆಗೆ ಒಂದು ಗುಂಯ್ ಎಂಬ ಬಾಲ ಇರುತ್ತದೆ, ಇದಕ್ಕೆ ಅದೂ ಇಲ್ಲ. ಯಮುನಾ ಹತ್ತು ಸಲ ಕೇಳಿದಳು. ಎರಡು ಕಾಲು ಒಟ್ಟಿಗೆ ಎತ್ತಿ ಕುಪ್ಪಳಿಸಿಕೊಂಡು ಎರಡು ತಾಸು ನಡೆಯುವವರು ಯಾರು? ಇದು ಹೆಜ್ಜೆಯೇ ಅಲ್ಲ ಎಂದು ಅವಳಿಗೆ ಅನಿಸಿದ್ದನ್ನು ಮೆಹ್ರಾನಿಗೆ ಹೇಳಲೂ ಕಾಯದೆ ಡ್ರೋನನ್ನು ಎಬ್ಬಿಸಿದಳು.

ಡ್ರೋನು ಅಲ್ಲಿಗೆ ಮುಟ್ಟಲು ಆರು ನಿಮಿಷ. ಪರದೆಯಲ್ಲಿ ಮೊದಲು ಬರೀ ಬಿಳುಪು, ಆಮೇಲೆ ಐವತ್ತೈವತ್ತು ಹೆಜ್ಜೆ ಅಂತರದಲ್ಲಿ ಸಾಲು ಚುಕ್ಕಿಗಳು, ಆಮೇಲೆ ಎಲ್ಲರ ಮುಂದೆ ಒಂದು ಸಣ್ಣ ಚುಕ್ಕಿ. ಅವಳು ಕ್ಯಾಮೆರಾವನ್ನು ಹತ್ತಿರಕ್ಕೆ ಎಳೆದಳು.

ಮಾಸ್ತಮ್ಮ ಬರಿಗಾಲಲ್ಲಿ ನಡೆಯುತ್ತಿದ್ದಳು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದಳು. ಬೂಟುಗಳೆರಡೂ ಲೇಸಿನಿಂದ ಒಂದಕ್ಕೊಂದು ಗಂಟು ಬಿದ್ದು ಬೆನ್ನುಚೀಲದಿಂದ ತೂಗಾಡುತ್ತಿದ್ದವು. ಅವಳು ಹೆಜ್ಜೆ ಹಾಕಿದ ಹಾಗೆಲ್ಲ ಹಿಮ್ಮಡಿಗೆ ಹಿಮ್ಮಡಿ, ಬಿಲ್ಲೆಗೆ ಬಿಲ್ಲೆ ಬಡಿದು ಖಣ್ ಎನ್ನುತ್ತಿದ್ದವು. ಉಕ್ಕು ಉಕ್ಕನ್ನು ಕುಟ್ಟಿದರೆ ಅದಕ್ಕಿಂತ ಗಟ್ಟಿ ನೆಲ ಜಗತ್ತಿನಲ್ಲಿ ಎಲ್ಲಿದೆ? ಎರಡು ಮೀಟರ್ ದಪ್ಪ, ಎಲ್ಲ ಕಡೆ ಹಸಿರು.

ತಾಯಿ ಏಕೆ ಬಿಚ್ಚಿದಳು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಆಗರದಲ್ಲಿ ಯಾರೂ ಮೆಟ್ಟು ಹಾಕಿಕೊಂಡು ಉಪ್ಪಿಗೆ ಇಳಿಯುವುದಿಲ್ಲ. ಜನ ಉಣ್ಣುವ ವಸ್ತು. ಮಾಲೀಕ ಬಂದರೂ, ಸರಕಾರದ ಅಧಿಕಾರಿ ಬಂದರೂ ದಂಡೆಯ ಮೇಲೆ ಚಪ್ಪಲಿ ಬಿಟ್ಟೇ ಇಳಿಯಬೇಕು. ಐದು ವರ್ಷದ ಹುಡುಗಿಯಾಗಿದ್ದಾಗ ಯಮುನಾಳೇ ಒಮ್ಮೆ ಮರೆತು ಇಳಿದು ಬೆನ್ನಿಗೆ ಬಾರಿಸಿಕೊಂಡಿದ್ದಳು. ಸಾವಿರದ ನೂರು ಜನರ ಹೆಜ್ಜೆಯನ್ನು ಅಳೆದು ಕಟ್ಟಿದ ಯಂತ್ರದಲ್ಲಿ, ಉಪ್ಪು ಕಂಡರೆ ಕಾಲಿನ ಬೂಟು ಬಿಚ್ಚುವವರೂ ಇರುತ್ತಾರೆ ಎಂಬುದು ಅವಳಿಗೇ ಹೊಳೆದಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೂ ಇತ್ತು. ಅವಳು ಕ್ಯಾಮೆರಾವನ್ನು ನೆಲದ ಮೇಲೆ ತಿರುಗಿಸಿ ತಾಯಿ ನಡೆದ ದಾರಿಯನ್ನು ನೋಡಿದಳು. ತ್ಸಾಲುಂಗಿನ ಹಳೆಯ, ದಪ್ಪ ಕೆನೆ ಒರಟು. ವರ್ಷಗಟ್ಟಲೆ ಒಣಗಿ ಬಿರಿದು, ಅಂಚು ಮೇಲೆದ್ದು, ಒಡೆದ ಗಾಜಿನ ಹಾಗೆ ನಿಂತಿರುತ್ತದೆ. ಬುಗ್ಗೆಯ ನೀರು ಉಕ್ಕಿ ಹೊಸದಾಗಿ ಕಟ್ಟಿದ ತೆಳು ಕೆನೆ ಮಾತ್ರ ನುಣ್ಣಗೆ, ಸಾರಿಸಿದ ಅಂಗಳದಂತೆ. ಊರಿನ ಆಗರದಲ್ಲಿ ಲೆಕ್ಕ ಇದಕ್ಕೆ ತಿರುಗಾಮುರುಗಾ. ಅಲ್ಲಿ ಮಣ್ಣು ತುಳಿದು, ಹಲಗೆಯಿಂದ ಬಡಿದು ಹದ ಮಾಡಿದ ಪಾತಿಯೇ ನುಣ್ಣಗೆ, ಅದೇ ಗಟ್ಟಿ. ಒರಟಿದ್ದರೆ ಕೆಲಸ ಕೆಟ್ಟಿದೆ ಎಂದು ಅರ್ಥ. ಬರಿಗಾಲಿನ ಹೆಂಗಸು ನಲವತ್ತು ವರ್ಷ ಕಲಿತದ್ದನ್ನೇ ಮಾಡಿದ್ದಳು. ಒರಟನ್ನೆಲ್ಲ ಬಿಟ್ಟು, ನುಣ್ಣನೆಯ ಜಾಗ ಹುಡುಕಿ ಹುಡುಕಿ ಕಾಲಿಟ್ಟಿದ್ದಳು. ಅವಳ ನಲವತ್ಮೂರು ಕಿಲೋವನ್ನು ಆ ತೆಳು ಕೆನೆ ಹೇಗೋ ತಡೆದಿತ್ತು. ಹಿಂದೆ ಏಳು ಜನರ ಬೂಟುಗಳು ಅವರ ಕಾಲನ್ನು ತಿದ್ದಿ ತಿದ್ದಿ ಅದೇ ಗೆರೆಯ ಮೇಲೆ ತರುತ್ತಿದ್ದವು.

ಯಮುನಾ ನಿಲ್ಲುವ ಸಂಜ್ಞೆ ಒತ್ತಿದಳು. ಎರಡೂ ಕಾಲಿಗೆ ಬಿಡದೆ ನಡುಕ ಬಂದರೆ ನಿಲ್ಲಬೇಕು ಎಂದು ಎಲ್ಲರಿಗೂ ಗೊತ್ತು. ಏಳು ಚುಕ್ಕಿ ನಿಂತವು. ತಾಯಿಯ ಬೂಟುಗಳು ಬೆನ್ನ ಹಿಂದೆ ಗಾಳಿಯಲ್ಲಿ ನಡುಗಿದವು, ಅವಳು ನಡೆಯುತ್ತಲೇ ಇದ್ದಳು. ರೇಡಿಯೋದಲ್ಲಿ ಫುಂತ್ಸೋಗ್ ಏನಾಯಿತು ಎಂದು ಕೇಳಿದ. ಅವಳು ಹೇಳಿದಳು. ನುಣುಪು ಕಂಡು ನನಗೂ ಅನುಮಾನ ಬಂದಿತ್ತು, ಆದರೆ ಬೂಟು ಇತ್ತಲೇ ಎಳೆಯಿತು ಎಂದ ಅವನು. ಆಮೇಲೆ ಅವನು, ನಿಲ್ಲಿಸಿದ್ದು ತಪ್ಪಾಯಿತು ಮೇಡಂ, ತೆಳು ಉಪ್ಪಿನ ಮೇಲೆ ನಡೆಯುವವನಿಗಿಂತ ನಿಂತವನು ಬೇಗ ಇಳಿಯುತ್ತಾನೆ ಎಂದ. ಅವನು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಐದನೆಯ ಚುಕ್ಕಿಯ ಸುತ್ತ ಬಿಳುಪು ಬೂದಿಯಾಯಿತು, ಬೂದಿ ಕಪ್ಪಾಯಿತು. ಪಾಟೀಲ ಮಾಸ್ತರರು ಸೊಂಟದವರೆಗೆ ಹೋದರು, ಎದೆಯವರೆಗೆ ಹೋದರು.

ಮುಳುಗಲಿಲ್ಲ. ಭಾರದ ನೀರು ಮನುಷ್ಯನನ್ನು ಬೆಂಡಿನಂತೆ ಎತ್ತಿ ಹಿಡಿಯುತ್ತದೆ. ಆದರೆ ಆ ನೀರಿನ ಚಳಿಯಲ್ಲಿ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆಮೇಲೆ ಕೈ ಹಿಡಿತ ಬಿಡುತ್ತದೆ, ಆಮೇಲೆ ಎದೆ ನಿಲ್ಲುತ್ತದೆ.

ಮೆಹ್ರಾ ಬೂಟುಗಳ ಕಿವಿ ಎಬ್ಬಿಸು ಎಂದು ಕೂಗಿದ. ಎಬ್ಬಿಸಬೇಕಾದರೆ ಮೊದಲು ಆ ಸುಳ್ಳು ಹಸಿರನ್ನೆಲ್ಲ ಅಳಿಸಬೇಕು, ಅಳಿಸಿ ಮತ್ತೆ ಎಚ್ಚರವಾಗಲು ಇಪ್ಪತ್ತೈದು ನಿಮಿಷ. ಯಮುನಾ ಅಳಿಸಿದಳು. ಅಂದಿನದನ್ನಷ್ಟೇ ಬೇರ್ಪಡಿಸಿ ಅಳಿಸಲು ಬರುತ್ತಿರಲಿಲ್ಲ, ಎರಡು ವರ್ಷದ ನಕ್ಷೆ ಒಮ್ಮೆಲೇ ಬೆಳ್ಳಗಾಯಿತು. ಈಗ ತ್ಸಾಲುಂಗಿನ ಮೇಲೆ ದಾರಿ ಎನ್ನುವುದೇ ಇಲ್ಲ. ನಿಂತರೆ ಇಳಿಯುವ ಆರು ಜನ, ನೀರಿನಲ್ಲಿ ಒಬ್ಬರು, ಮತ್ತು ಏನೂ ಗೊತ್ತಿಲ್ಲದೆ ಮುಂದೆ ಹೋಗುತ್ತಿರುವ ಅವಳ ತಾಯಿ. ಹಗ್ಗ ಇದ್ದದ್ದು ಫುಂತ್ಸೋಗನ ಹತ್ತಿರ, ಮಾಸ್ತರರಿಗೂ ಅವನಿಗೂ ನಡುವೆ ಬರೀ ನುಣುಪು.

ಡ್ರೋನಿಗೆ ಒಂದು ಸ್ಪೀಕರಿತ್ತು. ಇಲ್ಲಿಂದ ಮಾತಾಡಿದರೆ ಅಲ್ಲಿ ಕೇಳುತ್ತದೆ. ಅಲ್ಲಿಂದ ಆಡಿದ್ದು ಇಲ್ಲಿಗೆ ಬರುವುದಿಲ್ಲ. ಅವಳು ಡ್ರೋನನ್ನು ತಾಯಿಯ ತಲೆಯ ಮೇಲಕ್ಕೆ ತಂದಳು.

“ಅವ್ವೆ, ನಾ ಯಮುನಾ. ನಿಂತ್ಕಬೇಡ, ಓಡಲೂ ಬೇಡ. ನುಣ್ಣಗಿದ್ದಲ್ಲಿ ಕಾಲಿಡಬೇಡ. ಚುಚ್ಚುವಲ್ಲಿ ಇಡು.”

ಮಾಸ್ತಮ್ಮ ಮುಖ ಮೇಲೆತ್ತಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮಾತಾಡುವ ಯಂತ್ರವನ್ನು ನೋಡಿದಳು. ಆಮೇಲೆ ಕೆಳಗೆ ಕೈತೋರಿಸಿ ತಲೆಯಾಡಿಸಿದಳು. ಬಾಯಿ ಆಡಿದ್ದು ಕಂಡಿತು. ಏನು ಹೇಳಿದಳು ಎಂದು ಕೇಳದಿದ್ದರೂ ಮಗಳಿಗೆ ಗೊತ್ತಾಯಿತು: ನೆಲ ಗಟ್ಟಿಯಿದೆ, ನನ್ನ ಕಾಲಿಗೆ ಗೊತ್ತಿಲ್ಲವೇ?

“ಇದು ನಮ್ಮ ಆಗರ ಅಲ್ಲ ಅವ್ವೆ. ಇಲ್ಲಿ ಅಡಿಗೆ ಮಣ್ಣಿಲ್ಲ, ನೀರದೆ. ನುಣ್ಣಗಿದ್ದದ್ದು ಈಗ ಕಟ್ಟಿದ್ದು. ಹಿಂದೆ ನೋಡು. ಮಾಸ್ತರರು ಬಿದ್ರು.”

ತಾಯಿ ತಿರುಗಿದಳು. ಇನ್ನೂರು ಹೆಜ್ಜೆ ಹಿಂದೆ ಒಂದು ಕಪ್ಪು ಗುಂಡಿ, ಅದರಲ್ಲಿ ಒಂದು ತಲೆ, ಎರಡು ತೋಳು. ಅವಳು ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡದ್ದನ್ನು ಯಮುನಾ ಮೇಲಿನಿಂದ ನೋಡಿದಳು. ಅವಳ ಕಾಲಡಿಯಲ್ಲಿ ಉಪ್ಪು ತೇವವಾಗಿ ಬಣ್ಣ ತಿರುಗತೊಡಗಿತ್ತು. ತಾಯಿಗೆ ಕಾಲು ನೋಯಿಸಿಕೊ ಎಂದು ಹೇಳುವ ದಿನ ತನ್ನ ಬದುಕಿನಲ್ಲಿ ಬಂತಲ್ಲ ಎಂದು ಯಮುನಾಳಿಗೆ ಅನಿಸಿತು. ಆದರೂ ಹೇಳಿದಳು.

“ನಿನ್ನ ಬಲಕ್ಕೆ ನಾಕು ಹೆಜ್ಜೆ. ಗಾಜಿನಂಗೆ ಎದ್ದದಲ್ಲ, ಅದರ ಮೇಲೆ ಹತ್ತು. ಎಲ್ಲಿ ಹೆಚ್ಚು ಕುಯ್ತದೋ ಅಲ್ಲೇ ನಡಿ.”

ಬೂಟು ಹಾಕಿಕೋ ಎನ್ನಲು ಬರುತ್ತಿರಲಿಲ್ಲ. ಒಂದೇ ಜಾಗದಲ್ಲಿ ಕೂತು ಲೇಸು ಬಿಡಿಸುವಷ್ಟು ಹೊತ್ತು ಆ ಕೆನೆ ತಡೆಯುತ್ತಿರಲಿಲ್ಲ. ಮೇಲಾಗಿ, ಯಾವ ದಿಬ್ಬ ಎಷ್ಟು ದಪ್ಪ ಎಂದು ಆ ಹೊತ್ತಿನಲ್ಲಿ ಹೇಳಬಲ್ಲ ಕಿವಿ ಬೇರೆ ಇರಲಿಲ್ಲ. ಇದ್ದದ್ದು ಅಂಗಾಲು ಒಂದೇ.

ಮಾಸ್ತಮ್ಮ ದಿಬ್ಬ ಹತ್ತಿದಳು. ಮೊದಲ ಹೆಜ್ಜೆಗೇ ಮೈ ಮುರುಟಿ ಬಗ್ಗಿದಳು. ಎರಡನೆಯದನ್ನು ಇಟ್ಟಳು. ಆಮೇಲೆ ನೆಟ್ಟಗಾಗಿ, ತಲೆಯ ಮೇಲೆ ಬುಟ್ಟಿ ಇದ್ದವಳಂತೆ ಕತ್ತು ಅಲುಗಿಸದೆ ಹಿಂದಕ್ಕೆ ನಡೆಯತೊಡಗಿದಳು. ದಿಬ್ಬ ಎಲ್ಲಿ ತಗ್ಗಿ ನುಣ್ಣಗಾಗುತ್ತದೋ ಅಲ್ಲಿ ಕಾಲು ಹಿಂದೆಗೆದು, ಪಕ್ಕದಲ್ಲಿ ಮೊನಚನ್ನು ಹುಡುಕಿ ಊರಿದಳು. ಅವಳ ಹಿಂದೆ ಉಪ್ಪಿನ ಮೇಲೆ ಕೆಂಪು ಹೆಜ್ಜೆಗಳು ಮೂಡುತ್ತ ಬಂದವು. ಪುಣೆಯ ಹುಡುಗಿ ಅದನ್ನು ನೋಡಿ ಮುಖ ಮುಚ್ಚಿಕೊಂಡಳು. ಯಮುನಾ ಡ್ರೋನಿನಿಂದ ಹಿಂದಿಯಲ್ಲಿ ಎಲ್ಲರಿಗೂ ಕೂಗಿ ಹೇಳಿದಳು: ಕೆಂಪಿನ ಮೇಲೆ ಕಾಲಿಡಿ, ಕೆಂಪು ಬಿಟ್ಟು ಎಲ್ಲಿಯೂ ಇಡಬೇಡಿ. ಅಲ್ಲಿಯವರೆಗೆ ಒಂದೇ ಕಡೆ ನಿಲ್ಲದೆ ಅತ್ತಿತ್ತ ಕಾಲಾಡಿಸುತ್ತಿದ್ದ ಮುಂದಿನ ಮೂವರು ಒಬ್ಬೊಬ್ಬರಾಗಿ ಆ ಹೆಜ್ಜೆಗಳ ಮೇಲೆ ಹತ್ತಿದರು.

ಹನ್ನೊಂದನೆಯ ನಿಮಿಷಕ್ಕೆ ಅವಳು ಮಾಸ್ತರರ ಗುಂಡಿಯ ಹತ್ತಿರದ ದಿಬ್ಬಕ್ಕೆ ಬಂದಳು. ಆ ಕಡೆಯಿಂದ ಫುಂತ್ಸೋಗ್, ನಡುವೆ ಇದ್ದ ಇಬ್ಬರನ್ನೂ ಬೋರಲು ಮಲಗಿಸಿ, ಹೊಟ್ಟೆಯ ಮೇಲೆ ತೆವಳುತ್ತ ಬಂದಿದ್ದ. ಹಗ್ಗ ಎಸೆದ, ಮೂರನೆಯ ಸಲಕ್ಕೆ ಅವಳ ಕೈಗೆ ಸಿಕ್ಕಿತು. ಅವಳು ದಿಬ್ಬದ ಮೇಲೆ ಬೋರಲಾಗಿ ಮಲಗಿ, ಮಾಸ್ತರರ ಕಂಕುಳಿಗೆ ಹಗ್ಗ ತೂರಿಸಿ ಗಂಟು ಹಾಕುವುದನ್ನು, ಅವರು ಏನೋ ಹೇಳುವುದನ್ನು, ಅವಳು ಅವರ ಕೆನ್ನೆಗೆ ಪಟಪಟ ಹೊಡೆದು ಎಚ್ಚರ ಇಡುವುದನ್ನು ಯಮುನಾ ಸದ್ದಿಲ್ಲದ ಪರದೆಯಲ್ಲಿ ನೋಡಿದಳು. ಐದು ಜನ ದಿಬ್ಬದ ಮೇಲಿಂದ ಎಳೆದರು. ತೊಂಬತ್ತೆರಡು ಕಿಲೋ ಮನುಷ್ಯ ಹದಿನೇಳನೆಯ ನಿಮಿಷಕ್ಕೆ ಒಣ ಉಪ್ಪಿನ ಮೇಲೆ ಬಿದ್ದ. ಮೆಹ್ರಾ ಕುರ್ಚಿಯಲ್ಲಿ ಕುಸಿದು ಕೂತ. ಹೆಲಿಕಾಪ್ಟರಿಗೆ ಫೋನು ಮಾಡಬೇಕೆಂಬುದು ಅವನಿಗೆ ನೆನಪಾದದ್ದು ಆಮೇಲೆ.

ಯಮುನಾ ಜೀಪಿನಲ್ಲಿ ಬಯಲನ್ನು ಸುತ್ತಿ ಬಳಸಿ ಆಚೆಯ ಅಂಚಿಗೆ ಮುಟ್ಟಿದಾಗ ಮಧ್ಯಾಹ್ನ ಮೂರಾಗಿತ್ತು. ಹೆಲಿಕಾಪ್ಟರು ಎಲ್ಲರನ್ನೂ ಎತ್ತಿ ತಂದು ದಡದಲ್ಲಿ, ಫುಂತ್ಸೋಗನ ಮನೆಯವರ ಕಪ್ಪು ಡೇರೆಯ ಬಳಿ ಇಳಿಸಿತ್ತು. ಹೊರಗೆ ಕುರಿಚರ್ಮಗಳನ್ನು ಹೊದ್ದು ಮಾಸ್ತರರು ಮಲಗಿದ್ದರು, ಬಿಳಿಚಿದ ತುಟಿ ಅದುರುತ್ತಿದ್ದರೂ ಕಣ್ಣು ತೆರೆದಿದ್ದರು. ಕಾಲಿನ ಎರಡು ಬೆರಳು ಹೋಗಬಹುದು, ಜೀವಕ್ಕೆ ಮೋಸವಿಲ್ಲ ಎಂದು ಹೆಲಿಕಾಪ್ಟರಿನ ವೈದ್ಯೆ ಹೇಳಿದಳು. ಉಳಿದವರು ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು.

ಮಾಸ್ತಮ್ಮ ಡೇರೆಯ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಫುಂತ್ಸೋಗನ ಹೆಂಡತಿ ಅವಳ ಅಂಗಾಲಿನಿಂದ ಉಪ್ಪಿನ ಚೂರುಗಳನ್ನು ಒಂದೊಂದಾಗಿ ಕಿತ್ತು ಬೆಣ್ಣೆ ಹಚ್ಚುತ್ತಿದ್ದಳು. ಯಮುನಾ ಆ ಅಂಗಾಲನ್ನು ನೋಡಿದವಳು ನಿಂತಲ್ಲೇ ಕೂತುಬಿಟ್ಟಳು. ತಪ್ಪಾಯ್ತು ಅವ್ವೆ ಎಂದಳು, ಅಳು ಬಂತು. ಮೆಟ್ಟು ಬಿಚ್ಚಿದ್ದು ಹೌದು, ಆದರೆ ಅದರಲ್ಲಿ ನಿನ್ನ ತಪ್ಪೇನೂ ಇಲ್ಲ, ಯಾರೂ ನಿನ್ನನ್ನು ಬೈಯುವುದಿಲ್ಲ, ಕಂಪನಿಯವರಿಗೆ ನಾನು ಹೇಳುತ್ತೇನೆ ಎಂದೆಲ್ಲ ತೊದಲಿದಳು. ಮುಂದಿನವರ ಹಸಿರಿನ ಮೇಲೆ ಹಿಂದಿನವರು ನಡೆಯುವ ಹಾಗೆ ಯಂತ್ರ ಕಟ್ಟಿದವಳು ತಾನೇ, ಮುಂದಿನವರು ಹೀಗೆ ಮಾಡಬಹುದೆಂದು ತಾನು ಯೋಚಿಸಬೇಕಿತ್ತು ಎಂದಳು.

ತಾಯಿ ಅಲ್ಲಿಯವರೆಗೆ ಬಯಲನ್ನೇ ನೋಡುತ್ತಿದ್ದವಳು ತಿರುಗಿದಳು. ನೋವಿನಿಂದ ಕಂಗೆಟ್ಟ ಮುಖದಲ್ಲಿ ಬೇರೆಯೇ ಒಂದು ಗಾಬರಿ ಮೂಡಿತು. ಏನಂದೆ, ಇನ್ನೊಮ್ಮೆ ಹೇಳು ಎಂದಳು. ಯಮುನಾ ಹೇಳಿದಳು: ನೀನು ನಡೆದಲ್ಲೇ ಅವರೆಲ್ಲ ನಡೆದರು, ನಿನ್ನ ಬೂಟು ಗಟ್ಟಿ ಎಂದದ್ದನ್ನೇ ಅವರ ಬೂಟುಗಳು ನಂಬಿದವು.

ಮಾಸ್ತಮ್ಮ ಚಾಚಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಬೆಣ್ಣೆ ಹಚ್ಚುತ್ತಿದ್ದ ಹೆಂಗಸು ಕೈ ನಿಲ್ಲಿಸಿ ಇವರಿಬ್ಬರ ಮುಖ ನೋಡಿದಳು.

“ಅವರವರ ಮೆಟ್ಟು ಅವರವರಿಗೆ ದಾರಿ ಹೇಳ್ತದೆ ಅಂತ ಮಾಡಿದ್ದೆ ನಾನು,” ಎಂದಳು ಮಾಸ್ತಮ್ಮ. “ಬಿದ್ರೆ ನಾನೊಬ್ಬಳು ಬೀಳ್ತೆ, ನನ್ನ ಜೀವ ಅಲ್ವೇ ಅಂತ ಬಿಚ್ಚಿದೆ. ಏಳು ಜನ ನನ್ನ ಕಾಲು ನಂಬ್ಕಂಡು ಬತ್ತಾ ಇದ್ರು ಅಂತ ನೀ ಒಂದು ಮಾತು ಹೇಳಿದ್ರೆ, ನಾ ಬಿಚ್ತಿದ್ನೇನೇ?”

ಅದು ಕರಾರಿನ ಕಾಗದದಲ್ಲಿ ಬರೆದಿದೆ, ಒಂಬತ್ತನೆಯ ಪುಟದಲ್ಲಿ, ಎಂದು ಹೇಳಲು ಯಮುನಾ ಬಾಯಿ ತೆರೆದಳು. ಹೇಳದೆ ಬೆಣ್ಣೆಯ ಬಟ್ಟಲನ್ನು ತಾನೇ ಎತ್ತಿಕೊಂಡಳು. ಎರಡು ವರ್ಷದಲ್ಲಿ ನೂರ ನಲವತ್ತು ತಂಡ ದಾಟಿದ್ದವು. ನೂರ ನಲವತ್ತು ಜನ ಎಲ್ಲರಿಗಿಂತ ಮುಂದೆ ನಡೆದಿದ್ದರು. ಅವರಲ್ಲಿ ಒಬ್ಬರಿಗೂ ಅವಳಾಗಲಿ ಕಂಪನಿಯವರಾಗಲಿ ಆ ಒಂದು ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ.